ಉಜ್ಜಿದ್ದು ಸಾಕು, ಹಚ್ಚಿಕೊಳ್ಳಿ

ಪುಣೆಯ ವಾಕಡ್ ಅಥವಾ ಪಿಂಪಳೆ ಸೌದಾಗರದ ದೊಡ್ಡ ಅಂಗಡಿಗಳಲ್ಲಿ ಟೂತ್‌ಪೇಸ್ಟಿನ ಸಾಲನ್ನು ಒಮ್ಮೆ ನಿಂತು ನೋಡಬೇಕು. ಕಣ್ಣಿನ ಎತ್ತರದ ಕಪಾಟಿನಲ್ಲಿ ಇದ್ದಿಲಿನದು, ಬೇವಿನದು, ಲವಂಗದ್ದು, ತೆಂಗಿನೆಣ್ಣೆಯದು. ಇನ್ನೂರು, ಮುನ್ನೂರು ರೂಪಾಯಿಯ ಪೆಟ್ಟಿಗೆಗಳು. ಅವುಗಳಲ್ಲಿ ಹಲವದರ ಮೇಲೆ ಹೆಮ್ಮೆಯಿಂದ ಅಚ್ಚಾದ ಒಂದು ಮಾತು: ಫ್ಲೋರೈಡ್ ಮುಕ್ತ. ಹಿಂಜವಡಿಯ ಐಟಿ ಕಚೇರಿಗಳಲ್ಲಿ ದುಡಿಯುವ, ಓದಿಕೊಂಡ, ಮಕ್ಕಳ ಬಗ್ಗೆ ಕಾಳಜಿಯುಳ್ಳ ಅಪ್ಪ ಅಮ್ಮಂದಿರು ಆ ಮಾತನ್ನು ಹುಡುಕಿಯೇ ಕೊಳ್ಳುತ್ತಾರೆ. ಅವರಲ್ಲಿ ಕನ್ನಡದ ಮನೆಗಳೇನು ಕಡಿಮೆಯಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲಿ, ಏಳುತ್ತಿರುವ ಕಟ್ಟಡದ ಮಗ್ಗುಲಲ್ಲಿ ತಗಡಿನ ಶೆಡ್ಡುಗಳು, ಅವುಗಳ ಪಕ್ಕ ಒಂದು ಕಿರಾಣಿ ಅಂಗಡಿ. ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಬಂದ ಕೂಲಿಕಾರರು ಅಲ್ಲಿ ಹತ್ತು ರೂಪಾಯಿಯ ಪುಟ್ಟ ಟ್ಯೂಬು ಕೊಳ್ಳುತ್ತಾರೆ. ದಾರದಲ್ಲಿ ನೇತುಬಿದ್ದ ಶಾಂಪೂ ಪೊಟ್ಟಣಗಳ ಪಕ್ಕದಲ್ಲಿ ಅದಕ್ಕೆ ಜಾಗ. ಅದರ ಮೇಲೆ ಹೆಮ್ಮೆಯ ಮಾತೇನೂ ಇರುವುದಿಲ್ಲ. ಆದರೆ ಬಹುಪಾಲು ಅಂಥ ಟ್ಯೂಬುಗಳ ಹಿಂಬದಿಯಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ, ಫ್ಲೋರೈಡ್ 1000 ಪಿಪಿಎಂ ಎಂದಿರುತ್ತದೆ.

ಹಲ್ಲು ಹುಳುಕಾಗದಂತೆ ತಡೆಯುವ ಔಷಧ ಹತ್ತು ರೂಪಾಯಿಯದರಲ್ಲಿದೆ, ಮುನ್ನೂರು ರೂಪಾಯಿಯದರಲ್ಲಿ ಇಲ್ಲ. ಬಡವರಿಗೆ ಸಿಕ್ಕಿದ ಒಂದೇ ಒಂದು ಒಳ್ಳೆಯ ವಸ್ತುವನ್ನು ಉಳ್ಳವರು ದುಡ್ಡು ಕೊಟ್ಟು ತೆಗೆಸಿಹಾಕುತ್ತಿದ್ದಾರೆ. ಇತ್ತ ಬಡವರು ಅದನ್ನು ಕೊಂಡೂ ಅದರ ಪ್ರಯೋಜನ ಸಿಗದಂತೆ ತೊಳೆದುಹಾಕುತ್ತಿದ್ದಾರೆ. ಈ ಎರಡು ತಪ್ಪುಗಳ ಬೇರು ಒಂದೇ: ಹಲ್ಲುಜ್ಜುವುದು ಎಂದರೆ ಕೊಳೆ ತೆಗೆಯುವುದು ಎಂಬ ನಂಬಿಕೆ.

ಮೊದಲು ತಿಳಿದಿರುವುದನ್ನು ಹೇಳಿಬಿಡಬೇಕು. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ತಿಂದು ಆಮ್ಲ ಹೊರಹಾಕುತ್ತವೆ. ಹಲ್ಲಿನ ಮೇಲಿನ ಪೊರೆಯಲ್ಲಿ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್ಲಿನ ಖನಿಜ ಕರಗತೊಡಗುತ್ತದೆ. ಜೊಲ್ಲು ಆಮ್ಲವನ್ನು ತಗ್ಗಿಸಿ, ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಮರಳಿ ತುಂಬುತ್ತದೆ. ದಿನವಿಡೀ ಈ ಕರಗುವಿಕೆ, ತುಂಬುವಿಕೆಯ ಜಗ್ಗಾಟ ನಡೆದೇ ಇರುತ್ತದೆ. ಆ ಹೊತ್ತಿನಲ್ಲಿ ಜೊಲ್ಲಿನಲ್ಲಿ ಸ್ವಲ್ಪವಾದರೂ ಫ್ಲೋರೈಡ್ ಇದ್ದರೆ ಖನಿಜ ಬೇಗ ಮರಳುತ್ತದೆ, ಮರಳಿದ ಖನಿಜ ಮೊದಲಿಗಿಂತ ಗಟ್ಟಿಯಾಗಿ ಕೂರುತ್ತದೆ, ಮುಂದಿನ ಆಮ್ಲಕ್ಕೆ ಸುಲಭಕ್ಕೆ ಜಗ್ಗುವುದಿಲ್ಲ.

ಇದು ಕಂಪನಿಯ ಜಾಹೀರಾತಿನ ಮಾತಲ್ಲ. 2003ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆ 70 ಪ್ರಯೋಗಗಳ, 42 ಸಾವಿರಕ್ಕೂ ಹೆಚ್ಚು ಮಕ್ಕಳ ಲೆಕ್ಕ ಒಟ್ಟುಗೂಡಿಸಿತು. ಫ್ಲೋರೈಡ್ ಇಲ್ಲದ ಪೇಸ್ಟಿಗೆ ಹೋಲಿಸಿದರೆ ಫ್ಲೋರೈಡ್ ಪೇಸ್ಟ್ ಬಳಸಿದ ಮಕ್ಕಳ ಶಾಶ್ವತ ಹಲ್ಲುಗಳಲ್ಲಿ ಹುಳುಕು ಸರಾಸರಿ ಶೇಕಡ 24ರಷ್ಟು ಕಡಿಮೆ. ಎರಡೂ ಗುಂಪಿನ ಮಕ್ಕಳು ಹಲ್ಲುಜ್ಜಿದ್ದರು ಎಂಬುದನ್ನು ಮರೆಯಬಾರದು. ಅಂದರೆ ಈ ವ್ಯತ್ಯಾಸ ಬ್ರಶ್ಶಿನದಲ್ಲ, ಅದರ ಮೇಲೆ ಕೂತಿದ್ದ ವಸ್ತುವಿನದು. 1000 ಪಿಪಿಎಂಗಿಂತ ಕಡಿಮೆ ಇದ್ದರೆ ಪರಿಣಾಮ ಖಚಿತವಲ್ಲ ಎಂಬುದೂ ನಂತರದ ವಿಮರ್ಶೆಗಳಿಂದ ತಿಳಿದಿದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 1000ದಿಂದ 1500 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಭಾರತದ ಕಾನೂನಿನ ಪ್ರಕಾರ ಪೇಸ್ಟಿನಲ್ಲಿ 1000 ಪಿಪಿಎಂ ಮೀರುವಂತಿಲ್ಲ. ಹೊರಗೆ ಎಲ್ಲಿ ಪ್ರಮಾಣ ಶುರುವಾಗುತ್ತದೋ ಅಲ್ಲಿಗೆ ನಮ್ಮದು ಮುಗಿಯುತ್ತದೆ. ಇಷ್ಟು ಎಚ್ಚರದ ಮಿತಿಯೊಳಗಿನ ಪೇಸ್ಟನ್ನೇ ನಮ್ಮವರು ವಿಷ ಎನ್ನುತ್ತಿರುವುದು.

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ, ಅದನ್ನು ನಕ್ಕು ತಳ್ಳಿಹಾಕುವುದೂ ತಪ್ಪು. ಕನ್ನಡಿಗರಿಗಿಂತ ಚೆನ್ನಾಗಿ ಫ್ಲೋರೈಡಿನ ಕೆಡುಕನ್ನು ಕಂಡವರು ಕಡಿಮೆ. ಪಾವಗಡದಲ್ಲಿ, ಮುಂಡರಗಿಯಲ್ಲಿ, ಬಾಗೇಪಲ್ಲಿಯಲ್ಲಿ, ಕೋಲಾರದ ಹಳ್ಳಿಗಳಲ್ಲಿ ಕಂದುಗಟ್ಟಿದ ಹಲ್ಲಿನ ಮಕ್ಕಳು, ಬಾಗಿದ ಬೆನ್ನಿನ ಹಿರಿಯರು ಕತೆಯಲ್ಲ, ನಿಜ. ಅಲ್ಲಿಯ ಗ್ರಾನೈಟ್ ಬಂಡೆಯ ಆಳದಿಂದ ಬೋರ್‌ವೆಲ್ ಎತ್ತಿದ ನೀರು ಆ ಮನೆಗಳಿಗೆ ಫ್ಲೋರೈಡನ್ನು ಹೊತ್ತು ತಂದಿತು. ಭಾರತದಲ್ಲಿ ಈ ರೋಗ ವೈದ್ಯಕೀಯ ದಾಖಲೆಗೆ ಬಂದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಿಂದ. ಮಹಾರಾಷ್ಟ್ರದಲ್ಲೂ ಯವತಮಾಳ, ಚಂದ್ರಪುರದ ಕಡೆ ಇದೇ ಪಾಡು. ತವರಿನಲ್ಲಿ ಇದನ್ನು ಕಂಡು ಪುಣೆಗೆ ಬಂದ ತಾಯಿ ಫ್ಲೋರೈಡ್ ಎಂಬ ಪದ ಕಂಡೊಡನೆ ಹಿಂಜರಿದರೆ ಅದು ಅಜ್ಞಾನವಲ್ಲ.

ಆದರೆ ಆ ಕೆಡುಕು ಕುಡಿದ ನೀರಿನದು, ಉಗುಳಿದ ಪೇಸ್ಟಿನದಲ್ಲ. ಲೆಕ್ಕ ಹಾಕಿದರೆ ಅಂತರ ಕಾಣುತ್ತದೆ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ಬೋರ್‌ವೆಲ್ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ ಹೊಟ್ಟೆಗೆ ಹೋಗುವುದು 6 ಮಿಲಿಗ್ರಾಂ. ಅದೂ ದಿನದಿನವೂ, ಹುಟ್ಟಿದಂದಿನಿಂದ. 1000 ಪಿಪಿಎಂ ಪೇಸ್ಟನ್ನು ಬಟಾಣಿ ಕಾಳಿನಷ್ಟು, ಅಂದರೆ ಸುಮಾರು ಕಾಲು ಗ್ರಾಂ, ತೆಗೆದುಕೊಂಡರೆ ಅದರಲ್ಲಿರುವುದು 0.25 ಮಿಲಿಗ್ರಾಂ. ಮಗು ಅದನ್ನು ಪೂರ್ತಿ ನುಂಗಿದರೂ ಅಷ್ಟೇ. ಉಗುಳಿದರೆ ಅದರ ಒಂದು ಪಾಲು ಮಾತ್ರ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಸಾಕು ಎನ್ನುತ್ತಾರೆ ದಂತವೈದ್ಯರು. ಅದು ಇನ್ನೂ ಕಡಿಮೆ.

ಪುಣೆಯ ನಲ್ಲಿ ನೀರಿನ ಮಾತೇ ಬೇರೆ. ಅದು ಬರುವುದು ಖಡಕವಾಸಲಾ, ಪಾನಶೇತ್, ವರಸಗಾವ್ ಅಣೆಕಟ್ಟುಗಳಿಂದ. ಸಹ್ಯಾದ್ರಿಯ ಮಳೆ ಕಪ್ಪು ಬಸಾಲ್ಟ್ ಬಂಡೆಯ ಮೇಲೆ ಹರಿದು ಸೇರಿದ ನೀರು ಅದು. ಪಾವಗಡದ ನೀರಿನ ತೊಂದರೆ ಅದಕ್ಕಿಲ್ಲ. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಕುಡಿಯುವ ಸೊಸೈಟಿಗಳು ಒಮ್ಮೆ ನೀರು ಪರೀಕ್ಷೆ ಮಾಡಿಸಲಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿ ಇಲ್ಲದಿದ್ದರೆ 1.5. ಅದನ್ನು ಮೀರಿದ್ದರೆ ಬದಲಿಸಬೇಕಾದ್ದು ನೀರನ್ನು. ನೀರಿನ ಮೇಲಿನ ಅನುಮಾನವನ್ನು ಪೇಸ್ಟಿನ ಮೇಲೆ ತೀರಿಸಿಕೊಂಡರೆ ನೀರೂ ಸರಿಯಾಗುವುದಿಲ್ಲ, ಹಲ್ಲೂ ಉಳಿಯುವುದಿಲ್ಲ.

ಈ ಅನುಮಾನಕ್ಕೆ ಇತ್ತೀಚೆಗೆ ಅಮೆರಿಕದಿಂದಲೂ ಗೊಬ್ಬರ ಬಂದಿದೆ. ಅಲ್ಲಿ 1945ರಿಂದ, ಮಿಶಿಗನ್ನಿನ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಿಂದ ಮೊದಲ್ಗೊಂಡು, ನಗರಗಳು ಕುಡಿಯುವ ನೀರಿಗೇ ಫ್ಲೋರೈಡ್ ಬೆರೆಸುತ್ತ ಬಂದಿವೆ. ಅದು ಸರಿಯೇ ಎಂಬ ಜಗಳವೂ ಅಷ್ಟೇ ಹಳೆಯದು. 2024ರಲ್ಲಿ ಅಲ್ಲಿನ ರಾಷ್ಟ್ರೀಯ ಟಾಕ್ಸಿಕಾಲಜಿ ಕಾರ್ಯಕ್ರಮದ ವರದಿ, ನೀರಿನಲ್ಲಿ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ಕಡೆ ಮಕ್ಕಳ ಬುದ್ಧಿಮತ್ತೆಯ ಅಂಕ ಕಡಿಮೆ ಕಂಡುಬಂದಿದೆ ಎಂದಿತು. 2025ರಲ್ಲಿ ಯೂಟಾ ರಾಜ್ಯ ನೀರಿಗೆ ಫ್ಲೋರೈಡ್ ಬೆರೆಸುವುದನ್ನೇ ನಿಷೇಧಿಸಿತು. ಇವೆಲ್ಲ ಗಂಭೀರ ವಿಷಯಗಳೇ. ಆದರೆ ಎಲ್ಲವೂ ನೀರಿನ ವಿಷಯಗಳು. ಭಾರತದ ಯಾವ ನಗರವೂ ನೀರಿಗೆ ಫ್ಲೋರೈಡ್ ಬೆರೆಸುವುದಿಲ್ಲ. ನಮ್ಮಲ್ಲಿ ಸರಕಾರ ಹಣ ಸುರಿಯುವುದು ಅದನ್ನು ತೆಗೆಯಲು. ಅಲ್ಲಿನ ವಾದ ವಾಟ್ಸಾಪ್ ಹತ್ತಿ ಇಲ್ಲಿಗೆ ಬರುವಾಗ ಕೆಟ್ಟ ಅನುವಾದದಲ್ಲಿ ಆಗುವುದೇ ಆಗಿದೆ: ಕರ್ತೃ ಬಿದ್ದುಹೋಗಿ ಕ್ರಿಯಾಪದ ಉಳಿದಿದೆ. ನೀರು ಸೋರಿಹೋಗಿ ವಿಷ ಉಳಿದಿದೆ.

ಇನ್ನೊಂದು ವಾದ ಮನೆಯೊಳಗಿನದೇ. ನಮ್ಮಜ್ಜ ಬೇವಿನ ಕಡ್ಡಿಯಲ್ಲಿ ಉಜ್ಜುತ್ತಿದ್ದ, ತೊಂಬತ್ತರಲ್ಲೂ ಕಬ್ಬು ಸಿಗಿಯುತ್ತಿದ್ದ ಎನ್ನದ ಮನೆಯಿಲ್ಲ. ಬೇವಿನ ಕಡ್ಡಿ ಒಳ್ಳೆಯದೇ, ಒಸಡಿಗೆ ಒಗ್ಗುತ್ತದೆ, ಪೊರೆ ತೆಗೆಯುತ್ತದೆ. ಆದರೆ ಅಜ್ಜ ನಾಲ್ಕನೆಯ ವಯಸ್ಸಿನಲ್ಲಿ ದಿನಕ್ಕೆ ಮೂರು ಸಲ ಚಹಾದಲ್ಲಿ ಅದ್ದಿದ ಬಿಸ್ಕತ್ತು ತಿನ್ನಲಿಲ್ಲ. ಶಾಲೆಯ ಡಬ್ಬಿಯಲ್ಲಿ ಕ್ರೀಮ್ ಬಿಸ್ಕತ್ತು, ಮನೆಗೆ ಬಂದರೆ ಪೊಟ್ಟಣದ ಹಣ್ಣಿನ ರಸ, ಮಲಗುವಾಗ ಸಕ್ಕರೆ ಹಾಕಿದ ಹಾಲು ಅವನಿಗಿರಲಿಲ್ಲ. ಅವನ ಹಲ್ಲು ಉಳಿಸಿದ್ದು ಬೇವಿಗಿಂತ ಹೆಚ್ಚಾಗಿ ಸಕ್ಕರೆಯ ಅಭಾವ. ಜೊತೆಗೆ, ಹಲ್ಲುಳಿದ ಅಜ್ಜನ ಕತೆ ಮಾತ್ರ ನಮಗೆ ನೆನಪಿರುತ್ತದೆ. ಅದೇ ಮನೆಯಲ್ಲಿ ನಲವತ್ತೈದಕ್ಕೇ ಬೊಚ್ಚುಬಾಯಿಯಾಗಿ ಅನ್ನ ಕಿವುಚಿ ಉಣ್ಣುತ್ತಿದ್ದ ಅಜ್ಜಿಯ ಕತೆಯನ್ನು ಯಾರೂ ಉದಾಹರಣೆಗೆ ತೆಗೆದುಕೊಳ್ಳುವುದಿಲ್ಲ.

ಹಳೆಯದೆಲ್ಲ ಹಿತವೂ ಅಲ್ಲ. ಪುಣೆ ಜಿಲ್ಲೆಯೇ ಅದಕ್ಕೆ ಸಾಕ್ಷಿ. ಇಲ್ಲಿಯ ಹಳ್ಳಿಗಳ ಹಲ್ಲುಪುಡಿ ಎಂದರೆ ತಲೆತಲಾಂತರದಿಂದ ಮಿಶ್ರಿ, ಅಥವಾ ಮಶೇರಿ. ತಂಬಾಕನ್ನು ಹೆಂಚಿನ ಮೇಲೆ ಕಪ್ಪಾಗುವಂತೆ ಹುರಿದು ಪುಡಿ ಮಾಡಿ, ಹೆಚ್ಚಾಗಿ ಹೆಂಗಸರು, ಬೆರಳಿನಿಂದ ಹಲ್ಲು ಒಸಡಿಗೆ ಹಚ್ಚಿಕೊಳ್ಳುವುದು. ಗಡಿಯಾಚೆ ಬೆಳಗಾವಿ, ವಿಜಯಪುರದ ಕಡೆಗೂ ಈ ಅಭ್ಯಾಸ ಹೊಸದಲ್ಲ. 1972ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಸಂಶೋಧಕರು ಪುಣೆ ಜಿಲ್ಲೆಯ 1,01,761 ಹಳ್ಳಿಗರ ಬಾಯಿ ಪರೀಕ್ಷಿಸಿ, ಬಾಯಿಯ ಕ್ಯಾನ್ಸರ್ ಮತ್ತು ಅದರ ಮುನ್ಸೂಚನೆಯ ಕಲೆಗಳನ್ನು ತಂಬಾಕಿನ ಬಗೆಬಗೆಯ ಅಭ್ಯಾಸಗಳ ಜೊತೆ ತೂಗಿ ನೋಡಿದರು. 1992ರಲ್ಲಿ ಕೇಂದ್ರ ಸರಕಾರ ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬಳಸುವುದನ್ನು ನಿಷೇಧಿಸಿತು. ತಯಾರಕರು ನ್ಯಾಯಾಲಯದ ಮೆಟ್ಟಿಲೇರಿದರು. 1997ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಮನೆಯ ಹೆಂಚಿನ ಮೇಲೆ ಹುರಿಯುವುದನ್ನು ಯಾವ ಕೋರ್ಟೂ ನಿಲ್ಲಿಸಲಾಗಲಿಲ್ಲ. ಇಂದು ಇದ್ದಿಲಿನ ಪೇಸ್ಟನ್ನು ನಮ್ಮ ಪರಂಪರೆ ಎಂದು ಮಾರುವವರಿಗೆ ಈ ಕಪ್ಪು ಪುಡಿಯ ನೆನಪು ಮಾತ್ರ ಬರುವುದಿಲ್ಲ.

ಆದರೆ ಮಿಶ್ರಿಯವರಿಗೆ ಒಂದು ವಿಷಯ ಗೊತ್ತಿತ್ತು. ಅದು ಅವರ ಮಾತಿನಲ್ಲೇ ಇದೆ. ಮರಾಠಿಯಲ್ಲಿ ಮಶೇರಿ ‘ಲಾವತಾತ್’, ಅಂದರೆ ಹಚ್ಚುತ್ತಾರೆ. ಹಲ್ಲನ್ನಾದರೆ ‘ಘಾಸತಾತ್’, ಉಜ್ಜುತ್ತಾರೆ. ಹಚ್ಚಿದ್ದು ನಿಲ್ಲಬೇಕು, ಉಜ್ಜಿದ್ದು ತೊಳೆದು ಹೋಗಬೇಕು. ಮಿಶ್ರಿ ಹಚ್ಚಿದ ಹೆಂಗಸು ಅದನ್ನು ಬಾಯಲ್ಲಿ ಹೊತ್ತು ಕೂರುತ್ತಾಳೆ. ಅದರ ನಿಕೋಟಿನ್ ಒಸಡಿನೊಳಗೆ ಇಳಿಯುವುದೇ ಹಾಗೆ. ಕೆಟ್ಟ ವಸ್ತುವಿಗೆ ಸರಿಯಾದ ಕ್ರಿಯಾಪದ ಸಿಕ್ಕಿತು. ಒಳ್ಳೆಯ ವಸ್ತುವಿಗೆ ತಪ್ಪು ಕ್ರಿಯಾಪದ ಅಂಟಿಕೊಂಡಿತು.

ಕನ್ನಡದಲ್ಲೂ ಅಷ್ಟೇ. ದಕ್ಷಿಣದವರು ಹಲ್ಲುಜ್ಜುತ್ತಾರೆ, ಉತ್ತರದವರು ಹಲ್ಲು ತಿಕ್ಕುತ್ತಾರೆ. ಸಂಸ್ಕೃತದ ದಂತಧಾವನದಲ್ಲಿರುವುದೂ ತೊಳೆಯುವ ಅರ್ಥವೇ. ಪಾತ್ರೆ ತಿಕ್ಕುವುದಕ್ಕೂ ಹಲ್ಲು ತಿಕ್ಕುವುದಕ್ಕೂ ನಮಗೆ ಒಂದೇ ಪದ. ರೋಗದ ಹೆಸರೂ ದಾರಿ ತಪ್ಪಿಸುತ್ತದೆ. ಹಲ್ಲು ಹುಳುಕಾಯಿತು, ಹಲ್ಲಿಗೆ ಹುಳ ಹಿಡಿಯಿತು ಎನ್ನುತ್ತೇವೆ. ಮರಾಠಿಯವರ ಹಲ್ಲಿಗೂ ‘ಕೀಡ’ ಹಿಡಿಯುತ್ತದೆ. ಹಲ್ಲಿನೊಳಗೆ ಹುಳ ಇರುತ್ತದೆಂಬ ನಂಬಿಕೆಯನ್ನು ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲೇ ತನ್ನ ದಂತವೈದ್ಯ ಗ್ರಂಥದಲ್ಲಿ ಅಲ್ಲಗಳೆದಿದ್ದ. ನಮ್ಮ ಸಂತೆಗಳಲ್ಲಿ ಹೊಗೆ ಹಾಕಿ ಹಲ್ಲಿನ ಹುಳ ಉದುರಿಸುವವರ ಕಸುಬು ಅದರ ನಂತರವೂ ಬಹಳ ಕಾಲ ನಡೆಯಿತು. ಶತ್ರು ಹುಳವಾದರೆ ತಿಕ್ಕಿ ಹೊರಹಾಕಬಹುದು. ಶತ್ರು ಆಮ್ಲ, ನಷ್ಟವಾಗುತ್ತಿರುವುದು ಖನಿಜ ಎಂದಾದರೆ ತಿಕ್ಕಿ ಏನು ಪ್ರಯೋಜನ? ಕಳೆದುಹೋದದ್ದನ್ನು ಮರಳಿ ಕೊಡಬೇಕು. ಹುಳುಕು ಹೆಚ್ಚಾಗಿ ಹಿಡಿಯುವುದು ದವಡೆ ಹಲ್ಲಿನ ಮೇಲಿನ ಸಂದಿಗಳಲ್ಲಿ, ಎರಡು ಹಲ್ಲುಗಳ ನಡುವೆ. ಬ್ರಶ್ಶಿನ ಎಳೆ ಅಲ್ಲಿಗೆ ತಲುಪುವುದೇ ಇಲ್ಲ. ಜೊಲ್ಲಿನಲ್ಲಿ ಕರಗಿದ ಫ್ಲೋರೈಡ್ ತಲುಪುತ್ತದೆ. ಬ್ರಶ್ ಎಂಬುದು ಅದನ್ನು ಹಲ್ಲಿಗೆ ಮುಟ್ಟಿಸುವ ಸಾಧನ.

ಹೀಗೆ ನೋಡಿದರೆ ನಮ್ಮ ದಿನಚರಿಯ ಎರಡು ತಪ್ಪು ತಾನಾಗಿ ಕಾಣುತ್ತವೆ.

ಮೊದಲನೆಯದು ಹೊತ್ತಿನದು. ನಮಗೆ ಹಲ್ಲುಜ್ಜುವುದು ಬೆಳಗಿನ ಮಡಿಯ ಭಾಗ. ಎದ್ದು, ಹಲ್ಲುಜ್ಜಿ, ಮುಖ ತೊಳೆದ ಮೇಲೆಯೇ ಚಹಾ. ಹಲ್ಲುಜ್ಜದೆ ತಿಂದವರನ್ನು ಮೂಗು ಮುರಿದು ನೋಡುವ ನಾವು, ತಿಂದು ಉಜ್ಜದೆ ಮಲಗಿದವರನ್ನು ಏನೂ ಅನ್ನುವುದಿಲ್ಲ. ಆದರೆ ನಿದ್ದೆಯಲ್ಲಿ ಜೊಲ್ಲು ಬಹುತೇಕ ಬತ್ತುತ್ತದೆ. ಕಾವಲುಗಾರ ಮಲಗಿದ ಹೊತ್ತಿನಲ್ಲಿ ರಾತ್ರಿಯ ಅನ್ನ, ಹಾಲು, ಬಿಸ್ಕತ್ತಿನ ಚೂರು ಏಳೆಂಟು ಗಂಟೆ ಹಲ್ಲಿನ ಮೇಲೆ ಕೂತಿರುತ್ತವೆ. ದಿನಕ್ಕೆ ಎರಡು ಸಲ ಆಗಬೇಕು. ಅದರಲ್ಲಿ ಒಂದನ್ನು ಬಿಡಲೇಬೇಕಾದರೆ ಬೆಳಗಿನದನ್ನು ಬಿಡಿ, ರಾತ್ರಿಯದನ್ನಲ್ಲ. ಈ ಮಾತು ಹೇಳಿದರೆ ನಮ್ಮ ಮನೆಗಳಲ್ಲಿ ಜಗಳವೇ ಆದೀತು. ಆಗಲಿ.

ಎರಡನೆಯದು ನೀರಿನದು. ಉಜ್ಜಿದ ಮೇಲೆ ಚೊಂಬಿನ ತುಂಬ ನೀರು ಹಿಡಿದು ನಾಲ್ಕೈದು ಸಲ ಮುಕ್ಕಳಿಸಿ, ನಾಲಿಗೆ ಕೆರೆದು, ಗಂಟಲು ಗದರಿಸಿ, ಬಾಯಲ್ಲಿ ಪೇಸ್ಟಿನ ಸುಳಿವೂ ಉಳಿಯದಂತೆ ಮಾಡುವುದು ನಮ್ಮ ರೂಢಿ. ಉಗುಳಿ ಹಾಗೇ ಬಿಡಿ, ಮುಕ್ಕಳಿಸಬೇಡಿ ಎನ್ನುವುದು ಬ್ರಿಟನ್ನಿನ ಆರೋಗ್ಯ ಸೇವೆ ಜನರಿಗೆ ಕೊಡುವ ಸಲಹೆ. ನಮ್ಮ ಕಿವಿಗೆ ಇದು ಹೇಸಿಗೆಯಂತೆ ಕೇಳುತ್ತದೆ. ಕಾರಣ, ನಮ್ಮ ಬಾಯಿಯ ವಿಚಾರವೆಲ್ಲ ಎಂಜಲಿನ ಸುತ್ತ ಕಟ್ಟಿದ್ದು. ಉಗುಳಿದ್ದು ಎಂಜಲು, ಅದರ ಪಸೆ ಉಳಿದರೂ ಎಂಜಲು. ಆದರೆ ಆ ಪಸೆಯೇ ಔಷಧ. ಗಾಯಕ್ಕೆ ಮುಲಾಮು ಸವರಿ ಮರುಕ್ಷಣವೇ ಸೋಪು ಹಾಕಿ ತೊಳೆಯುವವರನ್ನು ಯಾರೂ ಜಾಣರೆನ್ನುವುದಿಲ್ಲ. ನಾವು ದಿನವೂ ಮಾಡುತ್ತಿರುವುದು ಅದನ್ನೇ. ಮೊದಲು ಬಾಯಿ ಮುಕ್ಕಳಿಸಿ, ನಾಲಿಗೆ ಕೆರೆದು ಶುದ್ಧಿ ಮಾಡಿಕೊಳ್ಳಿ. ಪೇಸ್ಟ್ ಕೊನೆಗೆ ಬರಲಿ. ಆಗ ಮಡಿಯೂ ಉಳಿಯುತ್ತದೆ, ಔಷಧವೂ ಉಳಿಯುತ್ತದೆ.

ಇದೆಲ್ಲವನ್ನೂ ಅಪ್ಪ ಅಮ್ಮಂದಿರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಅನ್ಯಾಯ. ಜಾಹೀರಾತುಗಳು ದಶಕಗಳಿಂದ ಬ್ರಶ್ಶಿನ ಉದ್ದಕ್ಕೂ ಅಲೆಯಂತೆ ಹರಡಿದ ಪೇಸ್ಟನ್ನೇ ತೋರಿಸಿದವು. ಬಟಾಣಿಯಷ್ಟು ಸಾಕು ಎಂದರೆ ಟ್ಯೂಬು ಬೇಗ ಖಾಲಿಯಾಗುವುದಿಲ್ಲವಲ್ಲ. ಮಕ್ಕಳ ಪೇಸ್ಟೆಂದು ಕಾರ್ಟೂನು ಹಚ್ಚಿ ಹೆಚ್ಚು ಬೆಲೆಗೆ ಮಾರುವ ಹಲವು ಟ್ಯೂಬುಗಳಲ್ಲಿ 500 ಪಿಪಿಎಂ ಕೂಡ ಇರುವುದಿಲ್ಲ. ಜೊತೆಗೆ ಸ್ಟ್ರಾಬೆರಿ ರುಚಿ, ಮಗು ನುಂಗಲೆಂದೇ ಮಾಡಿದಂತೆ. ಸರಕಾರದ ಪಾಲೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧ ಎಂದ ವಸ್ತುವಿನ ಮೇಲೆ ಇಲ್ಲಿ ಶೇಕಡ 18ರಷ್ಟು ಜಿಎಸ್‌ಟಿ ಇತ್ತು. ಅದು ಶೇಕಡ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಂದು. ಆದರೆ ಆ ಇಳಿಕೆ ಫ್ಲೋರೈಡ್ ಇರುವ ಪೇಸ್ಟಿಗೂ ಇಲ್ಲದ ಪೇಸ್ಟಿಗೂ ಒಂದೇ. ಪಿಪಿಎಂ ಎಷ್ಟೆಂದು ಟ್ಯೂಬಿನ ಮೇಲೆ ಬರೆಯಬೇಕೆಂಬ ನಿಯಮವಿದೆ. ಯಾದಗಿರಿಯಿಂದ ಬಂದ ತಾಯಿ ಓದುವ ಭಾಷೆಯಲ್ಲಿ, ಕಣ್ಣಿಗೆ ಕಾಣುವ ಗಾತ್ರದಲ್ಲಿ ಬರೆಯಬೇಕೆಂದು ಯಾರೂ ಹಟ ಹಿಡಿದಿಲ್ಲ. ಫ್ಲೋರೈಡ್ ಮುಕ್ತ ಎಂದು ಮುಂಬದಿಯಲ್ಲಿ ಅಚ್ಚು ಹಾಕುವವರು ಅದೇ ಗಾತ್ರದಲ್ಲಿ ‘ಹುಳುಕು ತಡೆಯುತ್ತದೆಂದು ಸಾಬೀತಾಗಿಲ್ಲ’ ಎಂದೂ ಬರೆಯಬೇಕೆಂದರೆ, ಆ ಕಣ್ಣಿನ ಎತ್ತರದ ಕಪಾಟು ಎಷ್ಟು ದಿನ ತುಂಬಿರುತ್ತದೆ ನೋಡೋಣ.

ಪಣಕ್ಕಿರುವುದು ಸಣ್ಣದೇನಲ್ಲ. 2002-03ರಲ್ಲಿ ನಡೆದ ರಾಷ್ಟ್ರೀಯ ಬಾಯಿ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲೂ ಹನ್ನೆರಡು ವರ್ಷದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹುಳುಕು ಹಲ್ಲಿತ್ತು. ಹಾಲುಹಲ್ಲು ತಾನೆ, ಬಿದ್ದುಹೋಗುತ್ತದೆ ಎನ್ನುವವರು ಒಂದು ಸಂಗತಿ ತಿಳಿಯಬೇಕು. ಆರನೆಯ ವಯಸ್ಸಿನ ಸುಮಾರಿಗೆ, ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ನಾಲ್ಕು ದವಡೆ ಹಲ್ಲುಗಳು ಬರುತ್ತವೆ. ಅವು ಶಾಶ್ವತ ಹಲ್ಲುಗಳು. ಬಹಳಷ್ಟು ಮನೆಗಳಲ್ಲಿ ಅವನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಎಂಟು ಹತ್ತು ವರ್ಷಕ್ಕೆ ಅವು ಕಪ್ಪಾಗಿ, ನೋವಿಗೆ ಮಗು ರಾತ್ರಿಯೆಲ್ಲ ಅತ್ತಾಗ, ದುಡ್ಡಿದ್ದವರ ಮನೆಯಲ್ಲಿ ಬೇರುನಾಳದ ಚಿಕಿತ್ಸೆ, ದುಡ್ಡಿಲ್ಲದವರ ಮನೆಯಲ್ಲಿ ಹಲ್ಲು ಕೀಳಿಸುವುದು. ಶೆಡ್ಡಿನಲ್ಲಿರುವ ತಾಯಿಗೆ ಅದು ಒಂದು ದಿನದ ಕೂಲಿಯ ನಷ್ಟ ಕೂಡ. ಆ ಮಗುವಿಗೆ ಮತ್ತೆ ಅಲ್ಲಿ ಹಲ್ಲು ಬರುವುದಿಲ್ಲ.

ಇಷ್ಟನ್ನು ತಡೆಯಲು ಬೇಕಾದ್ದು ಆ ಹತ್ತು ರೂಪಾಯಿಯ ಟ್ಯೂಬು, ಅದರ ಹಿಂಬದಿಯಲ್ಲಿ 1000 ಎಂಬ ಅಂಕಿ, ಬಟಾಣಿಯಷ್ಟು ಪೇಸ್ಟು, ಏಳೆಂಟು ವರ್ಷದವರೆಗೆ ಬ್ರಶ್ ಹಿಡಿದ ಮಗುವಿನ ಕೈಯ ಮೇಲೆ ದೊಡ್ಡವರದೊಂದು ಕೈ, ಮಲಗುವ ಮುಂಚಿನ ಎರಡು ನಿಮಿಷ. ಆಮೇಲೆ ಉಗುಳಿ, ನಲ್ಲಿಯ ಕಡೆ ಕೈ ಚಾಚುವ ಮಗುವಿಗೆ ಬೇಡ, ಇರಲಿ ಬಿಡು ಎನ್ನುವುದು.